ಉಣ್ಣುವ ಕೈಯ ಗ್ಲೌಸು

ಬೆಳ್ಳಮ್ಮ ಆ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ಅತ್ತೆ ಗುತ್ಯಮ್ಮನ ಬಾಯಲ್ಲಿ ಬೆಳಗಿನ ಗಂಜಿಯ ಹೊತ್ತಿಗೆ ಹೊರಡುತ್ತಿದ್ದ ಮಾತು ಒಂದೇ.

"ಒಲೆ ಮೇಲೆ ಚರ್ಮ ಒಣಗ್ಸೋ ಮನೆ ಈ ಸೀಮೇಲಿ ನಮ್ದೊಂದೇ ಕಣೆ."

ಒಲೆಯ ಮೇಲೆ ಬಿದಿರಿನ ಅಟ್ಟ. ಅಟ್ಟದಲ್ಲಿ ಒಣಮೀನಿನ ಬುಟ್ಟಿ, ಬೀಜಕ್ಕೆ ಇಟ್ಟ ಸೌತೆಕಾಯಿ, ಅದರ ಪಕ್ಕಕ್ಕೊಂದು ಗೋಣಿಚೀಲ. ಚೀಲದಲ್ಲಿದ್ದದ್ದು ಅವಳ ಗಂಡ ಮಾಸ್ತಪ್ಪನ ಆಟದ ಗ್ಲೌಸುಗಳು. ಮಳೆಗಾಲದಲ್ಲಿ ಕಾಲೇಜಿನ ಕೋಣೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆಂದು ಅವನು ಆ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತರುತ್ತಿದ್ದ. ವಾರಕ್ಕೊಮ್ಮೆ ಅವನ್ನು ಇಳಿಸಿ, ಹೊಂಗೆ ಎಣ್ಣೆ ಹಚ್ಚಿ, ಮತ್ತೆ ಹೊಗೆಗೆ ಏರಿಸುವುದು ಬೆಳ್ಳಮ್ಮನ ಕೆಲಸ.

"ಯಾರ್ಯಾರ ಬೆವರೋ ಏನೋ," ಎನ್ನುತ್ತಾ ಗುತ್ಯಮ್ಮ ಮೀನಿನ ಬುಟ್ಟಿಯನ್ನು ಚೀಲದಿಂದ ಒಂದು ಗೇಣು ಆಚೆ ಸರಿಸುವಳು.

"ಮೀನು ಮಾತ್ರ ಮಡಿಯಾ ಅವ್ವ?" ಎಂದು ಮಾಸ್ತಪ್ಪ ಕೇಳುವನು.

"ಮೀನು ಹೊಳೇದು. ಹೊಳೇಗೆ ಎಲ್ಲಿ ಮೈಲಿಗೆ? ನೀನು ಗಂಜಿ ಕುಡಿ ಸುಮ್ನೆ."

ಆ ಮನೆಯಲ್ಲಿ ಮೊದಲು ಪ್ಯಾಂಟು ತೊಟ್ಟವನು ಮಾಸ್ತಪ್ಪ. ಇಕ್ಕೇರಿ ದಾರಿಯ ಹುಲ್ಲುಬ್ಯಾಣದಲ್ಲಿ ದನ ಅಟ್ಟಿಕೊಂಡು ಓಡಿದ ಕಾಲಿನಲ್ಲೇ ಸಾಗರದ ಹೈಸ್ಕೂಲಿನಲ್ಲಿ ಓಡಿ ಬಹುಮಾನ ಗೆದ್ದ. ಹೊಸನಗರದ ಮಿಡ್ಲ್ ಸ್ಕೂಲಿನಲ್ಲಿ ಮೂರು ವರ್ಷ ಡ್ರಿಲ್ ಮೇಷ್ಟ್ರಾಗಿದ್ದ. ಆಮೇಲೆ ಮದ್ರಾಸಿನಲ್ಲಿ ಒಂದು ವರ್ಷ ತರಬೇತಿಗೆ ಹೋದವನು ಬರುವಾಗ ಸಾಫ್ಟ್‌ಬಾಲ್ ಎಂಬ ಆಟ, ಎರಡು ದೊಣ್ಣೆ ಮತ್ತು ಏಳು ಹಳೆಯ ಗ್ಲೌಸುಗಳನ್ನು ತಂದ. ಸಾಗರದ ಹೊಸ ಕಾಲೇಜಿನವರು ಅವನನ್ನು ಪಿ.ಟಿ. ಮೇಷ್ಟ್ರೆಂದು ಸೇರಿಸಿಕೊಂಡರು.

ಆ ಮೈದಾನದ ಕಡೆ ಮನೆಯ ಹೆಂಗಸರು ತಲೆ ಹಾಕುವಂತಿರಲಿಲ್ಲ. ಬೆಳ್ಳಮ್ಮ ಕಂಡ ಸಾಫ್ಟ್‌ಬಾಲ್ ಅಡಿಗೆಮನೆಯ ನೆಲದ ಮೇಲಿನದು. ಮಾಸ್ತಪ್ಪ ಊಟ ಮುಗಿಸಿ, ನಾಲ್ಕು ಈರುಳ್ಳಿಯನ್ನು ಚೌಕಕ್ಕೆ ಇಟ್ಟು, ನಡುವೆ ಉಪ್ಪಿನ ಮರಿಗೆ ಎಳೆದು ತೋರಿಸುತ್ತಿದ್ದ. ಒಬ್ಬ ಚೆಂಡು ಎಸೆಯುತ್ತಾನೆ, ಒಬ್ಬ ದೊಣ್ಣೆ ಬೀಸಿ ಈರುಳ್ಳಿಯಿಂದ ಈರುಳ್ಳಿಗೆ ಓಡುತ್ತಾನೆ, ಒಂಬತ್ತು ಜನ ಹಿಡಿಯಲು ನಿಂತಿರುತ್ತಾರೆ. ಚೆಂಡು ತಪ್ಪಿಸಿದವನನ್ನು ಮಾಸ್ತಪ್ಪ ಬಯ್ಯುತ್ತಿರಲಿಲ್ಲ, ಮರುದಿನ ಅದೇ ಜಾಗದಲ್ಲಿ ನಿಲ್ಲಿಸುತ್ತಿದ್ದ. ಆದರೆ ಒಂದು ಕಟ್ಟಳೆ ಮಾತ್ರ ಯಾರಿಗೂ ಸಡಿಲವಿರಲಿಲ್ಲ. ಇರುವ ಏಳು ಗ್ಲೌಸು ಎರಡು ಕಡೆಯವರಿಗೂ ಆಗಬೇಕು. ಸರದಿ ಮುಗಿದವನು ಗ್ಲೌಸನ್ನು ನಿಂತ ಜಾಗದಲ್ಲೇ ಕಳಚಿಟ್ಟು ಬರಬೇಕು. ಎದುರಿನವನು ಬಂದು ಅದಕ್ಕೇ ಕೈ ತೂರಿಸಬೇಕು.

"ಎದುರಿನೋನಿಗೆ ಗ್ಲೌಸು ಬಿಟ್ಟುಬರಕ್ಕಾಗದೋನು ನನ್ ಹತ್ರ ಆಟ ಕಲಿಯಾದು ಬ್ಯಾಡ," ಎನ್ನುತ್ತಿದ್ದ ಮಾಸ್ತಪ್ಪ.

"ಬಿಸಿ ಕೈಗೆ ಬಿಸಿ ಕೈ. ಕಜ್ಜಿ ಹತ್ಕಂಡ್ರೆ?" ಎಂದಿದ್ದಳು ಬೆಳ್ಳಮ್ಮ.

"ಹತ್ಲಿ. ಒಟ್ಟಿಗೇ ತುರಿಸ್ಕತಾರೆ."

ಇದು ಅರವತ್ತೇಳನೇ ಇಸವಿಯ ಮಾತು. ಆ ವರ್ಷ ತೀರ್ಥಹಳ್ಳಿಯಲ್ಲಿ ಕಾಲೇಜು ಕಾಲೇಜುಗಳ ನಡುವೆ ಪಂದ್ಯವೆಂದು ಗೊತ್ತಾಗಿತ್ತು. ಗಣಪತಿ ಹಬ್ಬ ಕಳೆದ ವಾರ ವೆಂಕಟ್ರಮಣನೆಂಬ ಹುಡುಗ ಮೈದಾನಕ್ಕೆ ತನ್ನದೇ ಗ್ಲೌಸು ತಂದ. ಅಪ್ಪ ಮದ್ರಾಸಿನಿಂದ ತರಿಸಿಕೊಟ್ಟದ್ದು, ಹೊಚ್ಚ ಹೊಸದು. ಸರದಿ ಮುಗಿದಾಗ ಅದನ್ನು ಕಳಚಿಡದೆ ಕಂಕುಳಲ್ಲಿ ಇಟ್ಟುಕೊಂಡು ಬಂದ. ಅವನು ನಿಂತಿದ್ದ ಜಾಗಕ್ಕೆ ಹೋಗಬೇಕಾಗಿದ್ದವನು ಊರಾಚೆಯ ಕೇರಿಯ ಹುಡುಗ. ಅವನ ಹಿಂದೆ ಅವನ ಗೆಳೆಯ, ಅದೇ ಕೇರಿಯ ಜಯಪ್ಪನೂ ಇದ್ದ. ಮಾಸ್ತಪ್ಪ ಎರಡು ಸಲ ಹೇಳಿದ. ಮೂರನೆಯ ಸಲ ಹೇಳದೆ ಗ್ಲೌಸನ್ನು ಇಸಕೊಂಡು ಚೀಲಕ್ಕೆ ಹಾಕಿದ.

"ಮೈದಾನಕ್ಕೆ ಬಂದ ಮೇಲೆ ಇದು ಎಲ್ಲರದು. ಬೇಕಂದ್ರೆ ನಾಳೆ ಬಂದು ಚೀಲದಿಂದ ತಗೊಂಡು ಆಡು."

ವೆಂಕಟ್ರಮಣ ಮರುದಿನ ಬರಲಿಲ್ಲ. ಬೆಳ್ಳಮ್ಮನಿಗೆ ಇದಾವುದೂ ತಿಳಿಯದು. ಭಾನುವಾರ ಚೀಲ ಸುರಿದು, ಎಣಿಸದೆ, ಎಲ್ಲಕ್ಕೂ ಒಂದೇ ಸಮ ಎಣ್ಣೆ ತಿಕ್ಕಿ ಹೊಗೆಗೆ ಹಾಕಿದಳು. ವಾರದಲ್ಲಿ ಹೊಸದೂ ಹಳೆಯದೂ ಒಂದೇ ಕಪ್ಪಾದವು.

ವೆಂಕಟ್ರಮಣನ ಅಪ್ಪ ಸುಬ್ಬರಾಯರು. ಊರಿಗೆಲ್ಲ ಒಡೆಯರು. ಮಾಸ್ತಪ್ಪನ ಅಪ್ಪ ಭೂತಪ್ಪ ಗೇಣಿಗೆ ಮಾಡುತ್ತಿದ್ದ ಎರಡೆಕರೆ ಗದ್ದೆ ಅವರದು. ಅಜ್ಜಿಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಈ ಮನೆಯ ಪ್ರಾಣ ಆ ಎರಡೆಕರೆಯಲ್ಲಿತ್ತು. ಗಿಳಿಯ ಕುತ್ತಿಗೆ ಒಡೆಯರ ಕೈಯಲ್ಲಿತ್ತು.

ಭೂಮಿ ಹುಣ್ಣಿಮೆಯ ದಿನ ಮನೆಯವರೆಲ್ಲ ಗದ್ದೆಗೆ ಹೋದರು. ಪೈರು ಹೊಡೆ ತುಂಬಿ ಬಸುರಿಯಂತೆ ನಿಂತಿತ್ತು. ಬೆಳ್ಳಮ್ಮ ಕೆಮ್ಮಣ್ಣು ಬಳಿದು, ಬಿಳಿ ಗೆರೆಯಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಸೊಪ್ಪಿನ ಅಂಬಲಿ, ಬುತ್ತಿ ತಂದಿದ್ದಳು. ಭೂತಾಯಿಗೆ ಎಡೆ ಇಟ್ಟು, ನಾಲ್ಕೂ ಮೂಲೆಗೆ ಅಂಬಲಿ ಬೀರಿ ಬಂದ ಭೂತಪ್ಪ ಅಂಚಿನ ಮೇಲೆ ಕೂತವನು ಕಡುಬಿಗೆ ಕೈ ಹಾಕಲಿಲ್ಲ.

"ಉಣ್ಣಿ ಮಾವ," ಎಂದಳು ಬೆಳ್ಳಮ್ಮ.

"ನಿನ್ನೆ ಒಡೇರು ಕರ್ಸಿದ್ರು," ಎಂದ ಭೂತಪ್ಪ.

ಎಲ್ಲರ ಕೈಯೂ ನಿಂತಿತು.

"ಏನಂತೆ?" ಕೇಳಿದವನು ಕನ್ನಪ್ಪ, ಮಾಸ್ತಪ್ಪನ ತಮ್ಮ. ಗದ್ದೆ ಉಳುವವನು ಅವನೇ.

"ಎಂತದಾ ಭೂತ, ಮುಂದಿನ ವರ್ಷ ಆ ಗದ್ದೆ ನಾವೇ ಸ್ವಂತಕ್ಕೆ ಮಾಡನ ಅಂತಿದೀವಿ, ಅಂದ್ರು. ನಾನು ಸುಮ್ನೆ ನಿಂತೆ. ಬರೋವಾಗ, ನಿನ್ ಮಗ ನಮ್ಮ ಮಾಣಿ ಕೈಯಿಂದ ಎಂತದೋ ಕಿತ್ಕಂಡನಂತಲ್ಲ, ಅಂದ್ರು."

"ಕಿತ್ಕಂಡಿಲ್ಲ. ಚೀಲಕ್ಕೆ ಹಾಕಿದೀನಿ," ಎಂದ ಮಾಸ್ತಪ್ಪ.

"ಕೊಟ್ಟುಬಿಡು ಮಾರಾಯ," ಗುತ್ಯಮ್ಮ ಅಂದಳು. "ಅವರ ಸಾಮಾನು ಅವರಿಗೆ. ನಮಗ್ಯಾಕೆ?"

"ಕೊಡ್ತೀನಿ. ಅವನು ಬಂದು ಎಲ್ಲರ ಜತೆ ಆಡ್ಲಿ, ವರ್ಷದ ಕೊನೆಗೆ ಮನೆಗೆ ತಗಂಡೋಗ್ಲಿ. ಇವತ್ತು ಅವನೊಬ್ಬನಿಗೆ ಬಿಟ್ರೆ ನಾಳೆ ನನ್ ಮಾತು ಯಾವ ಹುಡ್ಗ ಕೇಳ್ತಾನೆ?"

ಕನ್ನಪ್ಪ ಎಲೆಯನ್ನು ಬದಿಗೆ ತಳ್ಳಿದ. "ನಿಂಗೆ ತಿಂಗ್ಳಿಗೊಂದು ಸಂಬ್ಳ ಐತೆ, ನಿಯಮ ಮಾಡ್ತೀಯ. ನಂಗೆ ಏನೈತೆ? ಈ ಗದ್ದೆ ಭತ್ತ ತಿಂದೇ ಅಲ್ಲೇನು ನೀನು ಮದ್ರಾಸ್ ಕಂಡಿದ್ದು?"

"ತಿಂದಿದೀನಿ. ಇಲ್ಲ ಅಂದ್ನಾ?"

"ಹಂಗಾರೆ ಇನ್ನೊಂದು ಕೇಳ್ತೀನಿ. ಮೈದಾನದಲ್ಲಿ ಎಲ್ರೂ ಒಂದೇ ಗ್ಲೌಸು. ಆ ಜಯಪ್ಪ ನಮ್ಮನೆಗೆ ಬಂದ್ರೆ ಎಲ್ಲಿ ಕೂತ್ಕತಾನೆ? ಹಲಸಿನ ಮರದ ಬುಡದಾಗೆ. ಯಾವತ್ತಾರೂ ಜಗ್ಲಿ ಮೇಲೆ ಬಾ ಅಂದಿದೀಯಾ?"

ಮಾಸ್ತಪ್ಪ ತನ್ನ ಎಲೆಯನ್ನು ಮಡಚಿದ. ಭೂತಪ್ಪ ಕಡುಬು ಮುರಿದು ಬಾಯಿಗಿಟ್ಟುಕೊಂಡ.

ಅಲ್ಲಿಂದಾಚೆ ಮನೆಯಲ್ಲಿ ಅಣ್ಣತಮ್ಮಂದಿರು ಒಂದು ಪಂಕ್ತಿಯಲ್ಲಿ ಉಣ್ಣುವುದು ನಿಂತಿತು. ಕನ್ನಪ್ಪ ಬೇಗ ಉಂಡು ಹೋಗುವನು. ಮಾಸ್ತಪ್ಪ ಬಂದಾಗ ಸಾರು ಮತ್ತೆ ಕಾಯಿಸಬೇಕು. "ಈ ಮನೇಲಿ ಒಲೆ ಒಂದೋ ಎರಡೋ?" ಎಂದು ಗುತ್ಯಮ್ಮ ಸೊಸೆಯ ಮೇಲೆ ಸಿಡುಕುವಳು. ಬೆಳ್ಳಮ್ಮ ಎರಡು ಸಲ ಪಾತ್ರೆ ತೊಳೆದಳು, ಎರಡು ಕಡೆಯ ಮಾತನ್ನೂ ಕೇಳಿದಳು, ಎರಡೂ ಸರಿಯೆಂದೇ ಅವಳಿಗೆ ಕಂಡಿತು.

ದೀಪಾವಳಿಗೆ ಮುಂಚೆ ಮಾಸ್ತಪ್ಪ ಶಾಲಾ ಕ್ರೀಡಾಕೂಟ ನಡೆಸಿಕೊಡಲು ನಾಲ್ಕು ದಿನ ಹೊಸನಗರಕ್ಕೆ ಹೋದ. ಅವನ ಬಸ್ಸು ಹೋದ ದೂಳು ಇಳಿಯುವ ಮೊದಲೇ ಗುತ್ಯಮ್ಮ ಅಟ್ಟದ ಕಡೆ ನೋಡಿದಳು.

"ಬೆಳ್ಳಿ, ಆ ಚೀಲ ಇಳ್ಸು."

"ಅತ್ತೆ, ಅವರು ಬಂದು ಕೇಳಿದ್ರೆ?"

"ಕೇಳಿದ್ರೆ ನಾನು ಹೇಳ್ಕತೀನಿ. ಗದ್ದೆ ಹೋದ ಮೇಲೆ ನಿಂಗೆ ಅನ್ನ ಹಾಕಾದು ಆ ಚೀಲವಾ?"

ಬೆಳ್ಳಮ್ಮ ಇಳಿಸಿದಳು. ತಾನು ಬೇಡವೆನ್ನಬಹುದಿತ್ತೆಂದು ಆಮೇಲೆ ಅವಳಿಗೆ ಅನ್ನಿಸಿತು. ಆ ಹೊತ್ತಿಗೆ ಅನ್ನಿಸಲಿಲ್ಲ. ಚೀಲ ಸುರಿದರೆ ಒಂಬತ್ತು ಗ್ಲೌಸು, ಎಲ್ಲವೂ ಒಂದೇ ಬಣ್ಣ.

"ಯಾವ್ದೇ ಅವರದು?"

"ಎಣ್ಣೆ ಹಚ್ಚಿ ಹಚ್ಚಿ ಗೊತ್ತಾಗಲ್ಲ ಅತ್ತೆ."

ಗುತ್ಯಮ್ಮ ಒಂದೊಂದನ್ನೇ ಕೈಗೆ ಹಾಕಿ ನೋಡಿದಳು. ಎಂಟು ಗ್ಲೌಸು ಎಡಗೈಗೆ ಕೂತವು. ಒಂದು ಮಾತ್ರ ಬಲಗೈಗೆ ಕೂತಿತು. ಅದರ ಹೊಲಿಗೆಯ ದಾರ ಇನ್ನೂ ಗಟ್ಟಿಯಾಗಿತ್ತು. ಅವಳ ಮುಖ ಅರಳಿತು.

"ಇದೇ ಕಣೆ. ನೋಡು, ಬಲಗೈದು. ಉಣ್ಣೋ ಕೈ. ಒಡೇರ ಮಗ ಏನು ಎಡಗೈಗೆ ಹಾಕ್ಕಂತಾನಾ? ಆ ಎಡಗೈವೆಲ್ಲ ಇವನು ಕಂಡಕಂಡೋರಿಗೆ ಇಟ್ಟಿರಾದು."

ಬೆಳ್ಳಮ್ಮನಿಗೂ ಅದು ಸರಿಯೆನಿಸಿತು. ದುಡ್ಡು ಕೊಟ್ಟು ಮದ್ರಾಸಿನಿಂದ ತರಿಸಿದ್ದು ಬಲಗೈಯದಲ್ಲದೆ ಇನ್ನೇನು? "ಹೂಂ ಅತ್ತೆ, ದಾರನೂ ಹೊಸ್ದು," ಎಂದು ಹೇಳಿದವಳೂ ಅವಳೇ. ಗುತ್ಯಮ್ಮ ಅದನ್ನು ಬಾಳೆಲೆಯಲ್ಲಿ ಸುತ್ತಿ, ಜತೆಗೆ ಎರಡು ಸೌತೆಕಾಯಿ ಇಟ್ಟುಕೊಂಡು ಒಡೆಯರ ಮನೆಗೆ ಹೋಗಿ, "ಮಗ ಕಳ್ಸಿದಾನೆ, ತಪ್ಪಾಯ್ತಂತೆ," ಎಂದು ಹೇಳಿ ಕೊಟ್ಟು ಬಂದಳು. ಅವತ್ತು ಸಂಜೆ ಮನೆಯಲ್ಲಿ ಮೀನು ಸಾರು ಮಾಡಿದರು. ಕನ್ನಪ್ಪನೂ ನಗುನಗುತ್ತಾ ಉಂಡ.

ಮೂರನೆಯ ದಿನ ಒಡೆಯರು ಕನ್ನಪ್ಪನಿಗೆ ಹೇಳಿಕಳಿಸಿದರು. ಅವನು ಮರಳಿ ಬಂದಾಗ ಮುಖ ಕೆಂಪಗಿತ್ತು. ಜಗಲಿಯ ಕಂಬಕ್ಕೆ ಕೈಯಿಟ್ಟು ನಿಂತ.

"ಯಾರು ಕೊಟ್ಟಿದ್ದು ಅದನ್ನ?"

"ನಾನೇ. ಏನಾಯ್ತು?" ಎಂದಳು ಗುತ್ಯಮ್ಮ.

"ಅದು ಜಯಪ್ಪಂದು. ಅವನು ಎಡಚ, ಎಡಗೈಲಿ ಎಸೀತಾನೆ. ಚೆಂಡು ಎಸೆಯೋ ಕೈ ಬಿಟ್ಟು ಇನ್ನೊಂದು ಕೈಗೆ ಗ್ಲೌಸು ಹಾಕಾದಂತೆ. ಎಲ್ಲ ಹುಡುಗ್ರೂ ಬಲಗೈಲಿ ಎಸೀತಾರೆ, ಅದ್ಕೇ ಎಲ್ಲಾ ಎಡಗೈವು. ಅವನೊಬ್ಬನಿಗೆ ಅಂತ ಅಣ್ಣ ಸಾಗರದ ಚಮ್ಮಾರನ ಹತ್ರ ಹೊಲ್ಸಿದ್ದಂತೆ ಅದು. ಅದನ್ನ ಒಡೇರ ಹೆಂಡ್ತಿ ಒಳಕೋಣೇಲಿ ಇಟ್ಟಿದ್ರಂತೆ. ರಜಕ್ಕೆ ನೆಂಟ್ರ ಮನೆಗೆ ಹೋಗಿದ್ದ ಮಗ ಇವತ್ತು ಬಂದು ನೋಡಿ ಹೇಳ್ದ. ಮನೆಯೆಲ್ಲ ತೊಳ್ದ್ರು. ನನ್ನೆದುರಿಗೇ ಅದನ್ನ ಬಚ್ಚಲ ಒಲೆಗೆ ಹಾಕಿದ್ರು. ನಿನ್ನಣ್ಣ ಬೇಕಂತಲೇ ಕಳ್ಸಿದಾನೆ, ಗದ್ದೆ ಬಿಡಿ, ಅಂದ್ರು."

ಗುತ್ಯಮ್ಮ ಕೂತಲ್ಲೇ ಕೂತಳು. "ಬಲಗೈದಲ್ಲೇನೆ," ಎಂದಳು ಸೊಸೆಗೆ, ಇನ್ನೂ ನಂಬಲಾರದವಳಂತೆ. "ಬಲಗೈದೇ ಅಲ್ಲೇನೆ ಅದು?"

ಮರುದಿನ ಮಧ್ಯಾಹ್ನ ಮಾಸ್ತಪ್ಪ ಬಂದ. ಕೈಕಾಲು ತೊಳೆಯಲು ನೀರು ಕೊಡುತ್ತಾ ಬೆಳ್ಳಮ್ಮ ಎಲ್ಲವನ್ನೂ ಹೇಳಿದಳು, ಅತ್ತೆಯ ಮೇಲೆ ಹಾಕಲಿಲ್ಲ. ಅವನು ಮೊದಲು ನಕ್ಕ. "ಉಣ್ಣೋ ಕೈದು ಅಂತ ಆರ್ಸಿದ್ರಾ?" ಎಂದು ಮತ್ತೂ ನಕ್ಕ. ಆಮೇಲೆ ಚೆಂಬನ್ನು ಕೆಳಗಿಟ್ಟು ಬಚ್ಚಲ ಕಲ್ಲಿನ ಮೇಲೆ ಕೂತ.

"ಹೋಗಿ ಒಂದು ಮಾತು ಹೇಳಿ ಬನ್ನಿ. ಹೆಂಗಸ್ರಿಗೆ ಗೊತ್ತಾಗ್ಲಿಲ್ಲ, ತಪ್ಪಾಯ್ತು ಅಂತ."

"ಯಾವ್ದು ತಪ್ಪಾಯ್ತು ಅನ್ಲಿ? ಜಯಪ್ಪ ಕೈ ಹಾಕಿದ್ದು ಅವರ ಮನೆಯೊಳಗೆ ಹೋಗಿದ್ದು ತಪ್ಪು ಅಂತನಾ?"

"ಹೌದು, ಹಂಗೇ ಅನ್ನಿ. ಒಂದು ಮಾತಲ್ಲ? ಮಾವನ ಮುಖ ನೋಡಕ್ಕಾಗ್ತಿಲ್ಲ ನಂಗೆ."

"ನಾನು ಹುಡುಗ್ರಿಗೆ ದಿನಾ ಹೇಳಾದು ಏನು ಗೊತ್ತಾ ನಿಂಗೆ?"

"ಗೊತ್ತು. ಈರುಳ್ಳಿ ಇಟ್ಟು ಹೇಳಿದೀರಲ್ಲ. ಹುಡುಗ್ರು ಮೂರು ವರ್ಷ ಇದ್ದು ಹೋಗ್ತಾರೆ. ಇವ್ರು ಎಲ್ಲಿಗೆ ಹೋಗ್ತಾರೆ?"

ಅವನು ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಪ್ಯಾಂಟು ಬಿಟ್ಟು ಪಂಚೆ ಉಟ್ಟು, ಅಪ್ಪನ ಜತೆ ಒಡೆಯರ ಮನೆಗೆ ಹೋದ. ಹೋಗುವಾಗ ವೆಂಕಟ್ರಮಣನ ನಿಜವಾದ ಗ್ಲೌಸನ್ನೂ ಕೊಂಡುಹೋದ. ಬಂದು ಒಂದು ಚೆಂಬು ನೀರು ಕುಡಿದ.

"ಹೇಳಿದ್ರಾ?" ಎಂದಳು ಬೆಳ್ಳಮ್ಮ.

"ಹೇಳ್ದೆ. ಮೈಲಿಗೆ ಆಯ್ತು, ಹೊಟ್ಟೆಗೆ ಹಾಕ್ಕಳ್ಳಿ ಅಂದೆ. ಅಂಗಳದಲ್ಲಿ ನಿಂತು."

"ಒಡೇರು?"

"ಆಯ್ತು ಅಂದ್ರು. ಗ್ಲೌಸು ಇಸ್ಕಂಡ್ರು. ಈ ಕೊಯ್ಲು ನಿಮ್ದು, ಆಮೇಲೆ ಬಿಡಿ, ಕಾಗದ ಕಳಿಸ್ತೀನಿ ಅಂದ್ರು."

ಭೂತಪ್ಪ ದನ ಬಿಡಲು ಹೋದ.

ದೀಪಾವಳಿ ಕಳೆದು ತೀರ್ಥಹಳ್ಳಿಯ ಪಂದ್ಯ. ವೆಂಕಟ್ರಮಣ ಬರಲಿಲ್ಲ. ಜಯಪ್ಪನಿಗೆ ಇನ್ನೊಂದು ಗ್ಲೌಸು ಹೊಲಿಸಲು ಹೊತ್ತಿರಲಿಲ್ಲ. ಅವನು ಬರಿಗೈಯಲ್ಲೇ ನಿಂತು ಹಿಡಿದ. ಎದುರಿನವರು ಅದನ್ನು ಕಂಡುಕೊಂಡು ಚೆಂಡನ್ನೆಲ್ಲ ಅವನತ್ತಲೇ ಹೊಡೆದರಂತೆ. ಕೊನೆಯ ಸರದಿಯಲ್ಲಿ ಒಂದು ಚೆಂಡು ಕೈಯಿಂದ ಜಾರಿತು. ಒಂದೇ ಒಂದು ಓಟದಿಂದ ಸಾಗರದವರು ಸೋತರು.

ಸೋಮವಾರ ಮಾಸ್ತಪ್ಪನ ಸಾಮಾನು ಹೊತ್ತುಕೊಂಡು ಜಯಪ್ಪ ಮನೆಗೆ ಬಂದ. ಹಲಸಿನ ಮರದ ಬುಡದಲ್ಲಿ ಕೂತ. ಅವನ ಬಲ ಅಂಗೈ ಊದಿಕೊಂಡು ಹೆಬ್ಬೆರಳು ನೀಲಿಯಾಗಿತ್ತು. ಬೆಳ್ಳಮ್ಮ ಎಣ್ಣೆಗೆ ಅರಿಸಿನ ಹಾಕಿ ಬೆಚ್ಚಗೆ ಮಾಡಿ ತಂದಳು. ಅವನು ಕೈ ಒಡ್ಡಿದ. ಅವಳು ಮೇಲಿನಿಂದಲೇ ಹುಯ್ದಳು. ಅವಳ ಕೈ ತಾನಾಗಿ, ಅವನನ್ನು ಮುಟ್ಟದಷ್ಟು ಎತ್ತರದಲ್ಲಿ ನಿಂತಿತು.

"ಆ ಗ್ಲೌಸು ಇದ್ದಿದ್ರೆ ಗೆಲ್ತಿದ್ವಿ ಅಕ್ಕ," ಎಂದ ಜಯಪ್ಪ. "ಇಲಿ ಕಡೀತಂತಲ್ಲ? ಸಾರ್ ಹೇಳಿದ್ರು."

ಬೆಳ್ಳಮ್ಮ ಗಂಡನ ಕಡೆ ನೋಡಿದಳು. ಅವನು ಸೈಕಲ್ಲಿನ ಚಕ್ರದಲ್ಲಿ ಏನೋ ಹುಡುಕುತ್ತಿದ್ದ.

"ಹೂಂ," ಎಂದಳು ಬೆಳ್ಳಮ್ಮ. "ಇಲಿ."

ಜಯಪ್ಪ ಹೋದ ಮೇಲೆ ಮಾಸ್ತಪ್ಪ ಒಳಗೆ ಬಂದು ಹೇಳಿದ: "ಬಸ್ಸಲ್ಲಿ ಅವನು ಎಲ್ಲರ ಹತ್ರ ನನ್ನಿಂದ ಸೋತ್ವಿ ಅಂತ ಕ್ಷಮೆ ಕೇಳ್ದ. ನಾನು ಕಿಟಕಿ ನೋಡ್ತಾ ಕೂತಿದ್ದೆ."

ಅವಳು ಉಳಿದ ಎಣ್ಣೆಯನ್ನು ಒಲೆಯ ಬದಿಗೆ ಇಟ್ಟಳು.

ಪೈರು ಹಣ್ಣಾಗಿ, ನಾಳೆ ಕೊಯ್ಲು ಎನ್ನುವ ದಿನ ಒಡೆಯರ ಮನೆಯ ಬರವಣಿಗೆಯವನು ಕಾಗದ ತಂದ. ಜಗಲಿಯಲ್ಲಿ ಚಾಪೆ ಹಾಸಿದರು. ಗುತ್ಯಮ್ಮ ಬೆಲ್ಲ ನೀರು ಕೊಟ್ಟಳು. ಅವನು ಶಾಯಿಯ ಡಬ್ಬಿ ತೆರೆದ.

"ಒಂದು ಹೆಬ್ಬೆಟ್ಟು ಒತ್ತು ಭೂತಪ್ಪ, ಮುಗೀತು. ಒಡೇರು ಈ ಸಲದ ಭತ್ತಕ್ಕೆ ಕೈ ಹಾಕಲ್ಲ ಅಂದಿದಾರೆ. ದೊಡ್ಡ ಮನಸ್ಸು."

ಭೂತಪ್ಪ ಹೆಬ್ಬೆರಳನ್ನು ಮುಂದೆ ಚಾಚಿದ. ಬರವಣಿಗೆಯವನು ಅದಕ್ಕೆ ಶಾಯಿ ಬಳಿದ.

"ಎಂತ ಬರ್ದಿದಾರೆ, ಒಂಚೂರು ಓದಿ ಹೇಳ್ತೀರಾ?" ಬಾಗಿಲ ಸಂದಿಯಿಂದ ಬೆಳ್ಳಮ್ಮ ಕೇಳಿದಳು.

"ಗದ್ದೆ ಬಿಟ್ಟಿದೀವಿ ಅಂತ, ಇನ್ನೇನು."

"ಕೊಡಿ ಇಲ್ಲಿ. ನಾನು ಏಳನೇ ಕ್ಲಾಸು ಓದಿದೀನಿ."

ಮಾಸ್ತಪ್ಪ ಎದ್ದು ಕಾಗದವನ್ನು ಇಸಕೊಂಡು ಅವಳ ಕೈಗೆ ಕೊಟ್ಟ. ತಾನೇ ಓದಬಹುದಾಗಿತ್ತು, ಓದಲಿಲ್ಲ. ಬೆಳ್ಳಮ್ಮ ಬೆರಳಿಟ್ಟು ಓದಿದಳು. ಸರ್ವೆ ನಂಬರು, ಚಕ್ಕುಬಂದಿ, ಆಮೇಲೆ: "ಸದರಿ ಜಮೀನನ್ನು ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ..."

"ಹಂಗಂದ್ರೆ?" ಎಂದ ಭೂತಪ್ಪ.

"ಯಾರೂ ಹೇಳಿಲ್ಲ, ನಾವೇ ಖುಷಿಯಾಗಿ ಬಿಡ್ತಿದೀವಿ ಅಂತ ಮಾವ."

ಭೂತಪ್ಪ ಶಾಯಿ ಹತ್ತಿದ ಹೆಬ್ಬೆರಳನ್ನು ನೋಡಿಕೊಂಡ.

"ಖುಷಿಯಾಗಿ ಅಂತ ಬರ್ದೈತಾ?"

"ಅದು ಕಾನೂನಿನ ಮಾತು ಮಾರಾಯ, ಎಲ್ಲಾ ಕಾಗದದಲ್ಲೂ ಇರ್ತದೆ," ಎಂದ ಬರವಣಿಗೆಯವನು.

"ನಂಗೆ ಖುಷಿ ಆಗಿಲ್ಲಲ್ಲ."

"ಖುಷಿ ಆಗ್ಬೇಕಂತಿಲ್ಲ. ಒತ್ತಿದ್ರೆ ಆಯ್ತು."

"ಇಲ್ಲ ಸ್ವಾಮಿ. ಗದ್ದೆ ಅವ್ರದು, ಕಿತ್ಕಳ್ಳೋ ಹಂಗಿದ್ರೆ ಕಿತ್ಕಳ್ಳಿ. ನನ್ ಮಗನ ಬಾಯಲ್ಲಿ ಒಂದು ಸುಳ್ಳು ಹೇಳ್ಸಿದ್ರಿ, ನಾನು ಪಕ್ಕದಾಗೆ ನಿಂತಿದ್ದೆ. ನನ್ ಬೆರಳ ಹತ್ರ ಇನ್ನೊಂದು ಹೇಳ್ಸಬೇಡಿ."

"ಭೂತಪ್ಪ, ಯೋಚ್ನೆ ಮಾಡು. ನಾಳೆ ಒಡೇರು ಆಳು ಕಳ್ಸಿ ಪೈರು ಕೊಯ್ಸಿದ್ರೆ ಏನು ಮಾಡ್ತೀಯ?"

"ನಾವು ಮುಂಚೆ ಹೋಗ್ತೀವಿ."

ಹೆಬ್ಬೆರಳನ್ನು ಅವನು ತನ್ನ ಪಂಚೆಗೇ ಒರೆಸಿಕೊಂಡ. ಬರವಣಿಗೆಯವನು ಕಾಗದ ಮಡಚಿ, ಬೆಲ್ಲ ನೀರು ಮುಟ್ಟದೆ ಇಳಿದು ಹೋದ.

"ಹುಚ್ಚು ಹಿಡೀತು ನಿಮಗೆ," ಎಂದಳು ಗುತ್ಯಮ್ಮ. "ಮುಂದೆ ಏನು ಗತಿ?"

"ಕತ್ತಿ ಮಸೀರಿ," ಎಂದ ಭೂತಪ್ಪ. ಕನ್ನಪ್ಪ ಅಪ್ಪನನ್ನೇ ನೋಡುತ್ತಾ ನಿಂತಿದ್ದವನು ಒಳಗೆ ಹೋಗಿ ಐದು ಕತ್ತಿ ತಂದ.

ಬೆಳಗಿನ ಇಬ್ಬನಿ ಆರುವ ಮೊದಲೇ ಐದೂ ಜನ ಗದ್ದೆಯಲ್ಲಿದ್ದರು. ಒಡೆಯರ ಹೆಸರು ಕೇಳಿ ಊರಿನ ಆಳುಗಳು ಯಾರೂ ಬಂದಿರಲಿಲ್ಲ. ನಾಲ್ಕು ವರ್ಷದಿಂದ ಕತ್ತಿ ಹಿಡಿಯದ ಮಾಸ್ತಪ್ಪ ಸಾಲಿನಲ್ಲಿ ಹಿಂದೆ ಬಿದ್ದ.

"ಬಗ್ಗು ಅಣ್ಣ, ಬೇರಿನ ಹತ್ರ ಹಿಡಿ," ಎಂದ ಕನ್ನಪ್ಪ.

"ಹಿಡಿದಿದೀನಿ."

"ಅದಲ್ಲ, ಹಿಂಗೆ." ತಮ್ಮ ಬಂದು ಅಣ್ಣನ ಮುಷ್ಟಿಯನ್ನು ಕೆಳಗೆ ಜಾರಿಸಿ ಹೋದ.

ಬೆಳ್ಳಮ್ಮ ಕಟ್ಟು ಕಟ್ಟುತ್ತಾ ಬಂದಳು. "ನಾಳೆ ಜಯಪ್ಪನಿಗೆ ಹೇಳ್ತೀನಿ," ಎಂದ ಮಾಸ್ತಪ್ಪ, ತಲೆ ಎತ್ತದೆ. "ಇಲಿ ಅಲ್ಲ ಅಂತ."

"ಅವನು ಬಯ್ದ್ರೆ?"

"ಬಯ್ಲಿ."

ಹೊತ್ತು ಮಾರುದ್ದ ಏರಿದಾಗ ಇಕ್ಕೇರಿ ದಾರಿಯ ಕಡೆಯಿಂದ ಮಾತು ಕೇಳಿಸಿತು. ಬೆಳ್ಳಮ್ಮ ನಿಂತು ನೋಡಿದಳು. ಹತ್ತು ಹನ್ನೆರಡು ಆಳುಗಳು ಹೆಗಲ ಮೇಲೆ ಕತ್ತಿ ಇಟ್ಟುಕೊಂಡು ಬರುತ್ತಿದ್ದರು. ಮುಂದೆ ಬರವಣಿಗೆಯವನು, ಅವನ ಪಕ್ಕದಲ್ಲಿ ವೆಂಕಟ್ರಮಣ.

"ಮಾವ, ಬಂದ್ರು."

"ಎಷ್ಟು ಉಳಿದೈತೆ?" ಎಂದ ಭೂತಪ್ಪ.

"ಇನ್ನೂ ಅರ್ಧ."

"ಹಂಗಾರೆ ನಿಲ್ಲಬೇಡ," ಎಂದು ಹೇಳಿ ಅವನು ಮುಂದಿನ ಹಿಡಿಗೆ ಬಗ್ಗಿದ.